ಸೂಜಿ ಮೇಲಕ್ಕೇ ಹೋಗಿತ್ತು

ಮಾರ್ಚ್ 14, ಮಂಗಳವಾರ, ಬೆಳಿಗ್ಗೆ 9.10ಕ್ಕೆ ಟ್ರೂಡಿ ಪೆಟ್ಶೆಲ್ ಬೆರಿಗಲ್ ಪೊಲೀಸ್ ಠಾಣೆಗೆ ಬಂದು ಕೊಟ್ಟ ದೂರು ಒಂದೂವರೆ ಮೀಟರ್ ತಂತಿಯದು. ತಂತಿ ಕಳುವಾಗಿತ್ತು. ಕಳುವಾದದ್ದು ಪೊಲೀಸರೇ ಮೊಹರು ಹಾಕಿದ್ದ ಶೆಡ್ಡಿನಿಂದ.

ಸಾರ್ಜೆಂಟ್ ಗ್ಲೆನಿಸ್ ಹಾರ್ಕಿನ್ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಹತ್ತೊಂಬತ್ತು ದಿನದ ಹಿಂದೆ ಟ್ರೂಡಿಯ ತಂದೆ ಆರ್ನಿ ತಾನೇ ಕಟ್ಟಿದ ಎರಡು ಸೀಟಿನ ವಿಮಾನದೊಂದಿಗೆ, ಕೊಯ್ಲಾದ ಗೋಧಿ ಹೊಲವೊಂದಕ್ಕೆ ಬಿದ್ದು ಸತ್ತಿದ್ದ. ಹಳೆಯ ಕಾರಿನಿಂದ ತೆಗೆದ ರೋಟರಿ ಎಂಜಿನ್, ಅದಕ್ಕೆ ಎಂಜಿನ್ನಿನ ಬಿಸಿ ಹೊಗೆಯಿಂದ ತಿರುಗುವ ಒಂದು ಟರ್ಬೊ. ಟರ್ಬೊ ಸುಟ್ಟು ಚೂರಾಗಿತ್ತು. ಮರಣ ವಿಚಾರಣೆ ಮುಗಿಯುವ ತನಕ ಅವಶೇಷ ಕಾಯುವ ಹೊಣೆ ಗ್ಲೆನಿಸ್‌ಳದು.

"ಯಾವ ತಂತಿ?"

"ಎಂಜಿನ್ನಿನ ಹೊಗೆ ಎಷ್ಟು ಬಿಸಿ ಅಂತ ತೋರಿಸೋ ಮೀಟರಿಂದು. ಎಂಜಿನ್ ಗೂಡಿಂದ ಡ್ಯಾಶ್‌ಬೋರ್ಡಿಗೆ ಬರುತ್ತಲ್ಲ, ಅದು."

"ಕೊನೇ ಸಲ ನೋಡಿದ್ದು?"

"ಶುಕ್ರವಾರ, ನಿಮ್ಮವರು ಶೆಡ್ ತೆಗೆದು ತೋರಿಸಿದಾಗ. ಫೋಟೋ ಇದೆ. ಇವತ್ತು ಎಂಟು ಗಂಟೆಗೆ ವಿಮಾನ ಪರೀಕ್ಷಕರ ಜತೆ ಹೋದೆ. ನಿಮ್ಮ ಕಾನ್ಸ್‌ಟೇಬಲ್ ಸೆಮಿಸಿನೇ ಬೀಗ ತೆಗೆದ. ಇರಲಿಲ್ಲ."

"ಅದು ಅಷ್ಟು ಮುಖ್ಯವಾ?"

ಟ್ರೂಡಿ ಆಸ್ಪತ್ರೆಯ ನರ್ಸು. ದನಿ ಏರಿಸುವವಳಲ್ಲ. "ಏರೋಡ್ರೋಮಲ್ಲಿ ಏನಂತಾರೆ ಗೊತ್ತಲ್ಲ? ಮುದುಕ ಪೆಟ್ರೋಲ್ ಕಮ್ಮಿ ಬಿಟ್ಟು ಎಂಜಿನ್ ಕಾಯಿಸಿ ಸುಟ್ಕೊಂಡ, ಮೀಟರಿನ ಕೆಂಪು ಗೆರೆ ಕಾಣಿಸಲಿಲ್ವಾ ಅಂತ. ಮಣ್ಣು ಮಾಡಿ ಬಂದು ನಮ್ಮನೆ ಸ್ಯಾಂಡ್‌ವಿಚ್ ತಿನ್ನುತ್ತಲೇ ಅಂದರು. ಮೀಟರಿನ ಮೆಮೊರಿ ಕಾರ್ಡು ನೋಡಿದೀನಿ. ಎಂಟುನೂರ ಎಂಬತ್ತು ಡಿಗ್ರಿ ದಾಟಿಲ್ಲ. ಕೆಂಪು ಗೆರೆ ಇರೋದು ಒಂಬೈನೂರ ಐವತ್ತಕ್ಕೆ. ಒಂದೋ ಮೀಟರ್ ಸುಳ್ಳು ಹೇಳಿದೆ, ಇಲ್ಲಾ ಅಪ್ಪ ಬೇರೇನೋ ಎಡವಟ್ಟು ಮಾಡಿದಾನೆ. ಯಾವುದು ಅಂತ ಆ ತಂತಿ ಹೇಳ್ತಿತ್ತು."

9.25ಕ್ಕೆ ಪ್ರಕರಣ ದಾಖಲಾಯಿತು: ಪೊಲೀಸ್ ವಶದಲ್ಲಿದ್ದ ಸಾಕ್ಷ್ಯಕ್ಕೆ ಕೈಹಾಕಿದ್ದು.

10.05ಕ್ಕೆ ಗ್ಲೆನಿಸ್, ಕಾನ್ಸ್‌ಟೇಬಲ್ ಸೆಮಿಸಿ ಟಾವು, ಮತ್ತು ನಗರದಿಂದ ಬಂದಿದ್ದ ವಿಮಾನ ಪರೀಕ್ಷಕ ಡಂಕನ್ ರೇ, ಅವಶೇಷ ಇಟ್ಟಿದ್ದ ಊರ ಕೌನ್ಸಿಲ್ಲಿನ ಶೆಡ್ಡಿನ ಮಹಜರು ಶುರುಮಾಡಿದರು. ಬೆಳಿಗ್ಗೆ ಸೆಮಿಸಿ ತೆಗೆಯುವಾಗ ಮುಂಬಾಗಿಲ ಮೊಹರು ಭದ್ರವಾಗಿಯೇ ಇತ್ತು. ಹಿಂಗೋಡೆಯ ಒಂದು ತಗಡಿನ ಆರು ತಿರುಪುಗಳ ತಲೆಯ ಮೇಲೆ ಮಾತ್ರ ಧೂಳಿರಲಿಲ್ಲ.

"ಕದ್ದು ಹೋಗೋನು ತಿರುಪು ವಾಪಸ್ ಹಾಕ್ತಾನಾ ಸಾರ್ಜ್?" ಎಂದ ಸೆಮಿಸಿ. "ರಬ್ಬರ್ ವಾಷರ್ ಸಮೇತ. ಕೌನ್ಸಿಲ್ ಕೆಲಸಗಾರರಾಗಿದ್ರೆ ಎರಡು ತಿರುಪು ಜೇಬಲ್ಲೇ ಉಳೀತಿತ್ತು."

ವಿಮಾನದೊಳಗೆ ತಂತಿಯನ್ನು ಎರಡೂ ತುದಿಯಲ್ಲಿ ತಿರುಪಿನ ಬುಡಕ್ಕೇ ಕತ್ತರಿಸಲಾಗಿತ್ತು. ಅದನ್ನು ಹಿಡಿದಿದ್ದ ಹದಿನಾಲ್ಕು ಪ್ಲಾಸ್ಟಿಕ್ ಪಟ್ಟಿಗಳೂ ಕತ್ತರಿಸಿದ್ದವು. ಆದರೆ ನೆಲದ ಮೇಲೆ ಒಂದು ತುಣುಕೂ ಇರಲಿಲ್ಲ. ಗ್ಲೆನಿಸ್ ಮಂಡಿಯೂರಿ ಟಾರ್ಚ್ ಬಿಟ್ಟು ನೋಡಿದಳು.

"ಹೆಕ್ಕಿಕೊಂಡು ಹೋಗಿದಾನೆ," ಎಂದ ಡಂಕನ್. "ವಿಮಾನ ಕಟ್ಟೋ ಜನ ಒಂದು ತುಣುಕೂ ಬಿಡಲ್ಲ. ಹಾರುವಾಗ ಅದು ಹೋಗಿ ಕಂಟ್ರೋಲಿಗೆ ಸಿಕ್ಕಿಕೊಂಡರೆ ಮುಗೀತು."

"ಇದು ಇನ್ನು ಹಾರಲ್ವಲ್ಲ."

"ಕೈಗೆ ಅದು ಗೊತ್ತಾಗಲ್ಲ."

ಡಂಕನ್ ಮೀಟರಿನ ಹಿಂಬದಿಯಲ್ಲಿ ತಿರುಪುಗಳನ್ನು ಮುಚ್ಚಿದ್ದ ಕಪ್ಪು ರಬ್ಬರ್ ಕವಚವನ್ನು ಬ್ಲೇಡಿನಿಂದ ಸೀಳಿದ. ಎರಡು ಹಿತ್ತಾಳೆ ತಿರುಪುಗಳು, ಒಂದಕ್ಕೆ ಪ್ಲಸ್ ಗುರುತು, ಇನ್ನೊಂದಕ್ಕೆ ಮೈನಸ್. ಅವುಗಳ ಕೆಳಗೆ ಮೂರು ಮಿಲಿಮೀಟರಿನ ಬರಿ ಲೋಹದ ತುಂಡುಗಳು ಉಳಿದಿದ್ದವು. ಬಣ್ಣದ ಹೊದಿಕೆ ಇರಲಿಲ್ಲ.

"ಇದು ತಾಮ್ರದ ತಂತಿ ಅಲ್ಲ. ಎರಡು ಎಳೆಗೆ ಎರಡು ಬೇರೆ ಲೋಹ. ಹಳದಿ ಎಳೆ ಪ್ಲಸ್ಸಿಗೆ, ಕೆಂಪು ಎಳೆ ಮೈನಸ್ಸಿಗೆ ಹೋಗಬೇಕು."

"ಕೆಂಪು ಮೈನಸ್ಸಾ?" ಎಂದ ಸೆಮಿಸಿ. "ನನ್ನ ಕಾರಿನ ಬ್ಯಾಟರೀಲಿ—"

"ಕಾರಲ್ಲಿ ಕೆಂಪು ಪ್ಲಸ್. ಈ ಅಮೆರಿಕದ ತಂತೀಲಿ ಉಲ್ಟಾ. ಒಂದು ಆಯಸ್ಕಾಂತ ಸಿಗುತ್ತಾ? ಮೈನಸ್ಸಿನ ಲೋಹ ಆಯಸ್ಕಾಂತಕ್ಕೆ ಅಂಟುತ್ತೆ. ಪ್ಲಸ್ಸಿಂದು ಅಂಟಲ್ಲ."

ಸೆಮಿಸಿ ಕೌನ್ಸಿಲ್ಲಿನ ಚಹಾ ಕೋಣೆಗೆ ಓಡಿಹೋಗಿ ಫ್ರಿಜ್ಜಿನ ಬಾಗಿಲಿನಿಂದ ಒಂದು ಆಯಸ್ಕಾಂತ ಕಿತ್ತು ತಂದ. ಮೀನಿನ ಆಕಾರದ್ದು. ಡಂಕನ್ ಪ್ಲಸ್ ತಿರುಪು ಸಡಿಲಿಸಿ, ಅದರಡಿಯ ತುಂಡನ್ನು ಚಿಮಟದಲ್ಲಿ ಹಿಡಿದು ಬಿಳಿ ಹಾಳೆಯ ಮೇಲಿಟ್ಟ. ಮೀನನ್ನು ಹತ್ತಿರ ತಂದ.

ತುಂಡು ನೆಗೆದು ಮೀನಿಗೆ ಅಂಟಿತು. ಮೈನಸ್ಸಿನ ತುಂಡು ಅಲುಗಲಿಲ್ಲ. ಸಮಯ 10.52.

"ಅದಲುಬದಲಾಗಿದೆ," ಎಂದ ಡಂಕನ್. "ಆ ಕಡೆ ತುದೀಲೂ ಹಾಗೇ ಇರುತ್ತೆ, ನೋಡಿ. ಒಂದೇ ತುದಿ ತಿರುಗಿದ್ದರೆ ಬಿಸಿಯಾದಾಗ ಸೂಜಿ ಕೆಳಕ್ಕೆ ಇಳೀತಿತ್ತು, ಮೊದಲ ದಿನವೇ ಗೊತ್ತಾಗ್ತಿತ್ತು. ಎರಡೂ ತಿರುಗಿದರೆ ಸೂಜಿ ಮೇಲಕ್ಕೇ ಹೋಗುತ್ತೆ. ಸುಳ್ಳು ಹೇಳ್ತಾ ಹೋಗುತ್ತೆ. ಎಂಜಿನ್ ಗೂಡು ನೂರಹತ್ತು ಡಿಗ್ರಿ, ಕೂರೋ ಜಾಗ ಮೂವತ್ತೈದು ಅಂದ್ಕೊಳ್ಳಿ. ಆ ವ್ಯತ್ಯಾಸದ ಎರಡರಷ್ಟು ಕಮ್ಮಿ ತೋರಿಸುತ್ತೆ."

ಸೆಮಿಸಿ ಬೆರಳಲ್ಲಿ ಲೆಕ್ಕ ಹಾಕಿದ. "ನೂರೈವತ್ತು. ಎಂಟುನೂರ ಎಂಬತ್ತು ಅಂದಾಗ ನಿಜವಾಗಿ ಸಾವಿರದ ಮೂವತ್ತು."

"ಅಷ್ಟಕ್ಕೆ ಟರ್ಬೊ ಕರಗುತ್ತೆ. ಆರ್ನಿ ಗೆರೆ ದಾಟಿಲ್ಲ ಅಂದ್ಕೊಂಡೇ ಹಾರ್ತಿದ್ದ."

ಇನ್ನೊಂದು ತುದಿಯಲ್ಲೂ ಹಾಗೆಯೇ ಇತ್ತು. ಎರಡನ್ನೂ ಮಹಜರಿಗೆ ಸೇರಿಸಿದರು. ಗ್ಲೆನಿಸ್ ಬರೆದು ಮುಗಿಸಿದರೂ ಪೆನ್ನು ಮುಚ್ಚಲಿಲ್ಲ. ಕೆಂಪನ್ನು ಪ್ಲಸ್ಸಿಗೆ ಹಾಕುವ ಕೈ ಎಂದರೆ ಕಾರಿನ ಕೈ. ಕಾರಿನ ವೈರಿಂಗ್ ಕಲಿತು ವಿಮಾನದ ಶಿಸ್ತಿಗೆ ಬಂದವನು ಬೆರಿಗಲ್ಲಿನಲ್ಲಿ ಒಬ್ಬನೇ ಇದ್ದ.

11.20ಕ್ಕೆ ಟ್ರೂಡಿ, ಗ್ಲೆನಿಸ್ ಕೇಳಿದ್ದಕ್ಕೆ, ತಂದೆ ವಿಮಾನ ಕಟ್ಟುವಾಗ ಬರೆದಿಟ್ಟ ದಿನಚರಿ ತಂದುಕೊಟ್ಟಳು. ಹಿಂದಿನ ವರ್ಷದ ಜುಲೈ 9ರ ಪುಟ: "ಹೊಗೆ ಮೀಟರಿನ ತಂತಿ ಕ್ಲಾರಿ ಎಳೆದುಕೊಟ್ಟ. ಬಿಸಿ ಅಳೆಯುವ ಕಡ್ಡಿಗೆ ಬ್ಲೋಲ್ಯಾಂಪ್ ಹಿಡಿದು ನೋಡಿದೆವು. ಸೂಜಿ ಮೇಲೆ ಹೋಯಿತು. ಬಿಯರ್."

ಟ್ರೂಡಿ ಆ ಸಾಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ಕ್ಲಾರಿ ಮಾಮ ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು."

"ಗೊತ್ತು."

"ದೂರು ವಾಪಸ್ ತಗೊಂಡರೆ?"

"ಈಗ ಅದು ನಿಮ್ಮದಲ್ಲ ಟ್ರೂಡಿ. ನನ್ನದೂ ಅಲ್ಲ."

11.50. ಕ್ಲಾರಿ ಬೂತ್‌ಬಿಗೆ ಎಪ್ಪತ್ತನಾಲ್ಕು. ನಲವತ್ತು ವರ್ಷ ಊರಿನ ಕಾರು, ಟ್ರ್ಯಾಕ್ಟರುಗಳ ವೈರಿಂಗ್ ಮಾಡಿದವನು. ತನ್ನ ಶೆಡ್ಡಿನ ಬಾಗಿಲಲ್ಲೇ ಕೂತಿದ್ದ.

"ಬಾರಮ್ಮ ಗ್ಲೆನಿಸ್. ನಿಮ್ಮಪ್ಪನ ಟ್ರ್ಯಾಕ್ಟರ್ ಲೈಟು ಮತ್ತೆ ಹೋಯ್ತಾ?"

"ಅಪ್ಪ ಹೋಗಿ ಆರು ವರ್ಷವಾಯ್ತು ಕ್ಲಾರಿ."

"ಲೈಟು ಇನ್ನೂ ಉರೀತಿರಬೇಕು ಹಾಗಾದ್ರೆ. ನಾನು ಹಾಕಿದ್ದು." ಸೆಮಿಸಿಯ ಕಡೆ ತಿರುಗಿದ. "ಈ ಗುಡ್ಡ ಯಾರು? ಇವನಿಗೆ ಕೂರೋಕೆ ಎರಡು ಸ್ಟೂಲ್ ಬೇಕು."

"ನಿಂತೇ ಇರ್ತೀನಿ ಅಜ್ಜಾ."

"ಶನಿವಾರ ಎಲ್ಲಿದ್ದಿರಿ?" ಎಂದಳು ಗ್ಲೆನಿಸ್.

"ಇಲ್ಲೇ."

"ಭಾನುವಾರ?"

ಕ್ಲಾರಿ ಬಾಗಿ ಬೂಟಿನ ದಾರ ಬಿಗಿದುಕೊಂಡ.

"ಆರ್ನಿಯ ಮೀಟರಿಗೆ ತಂತಿ ಎಳೆದವರು ಯಾರು?"

"ಎಲ್ಲಾ ಅವನೇ ಮಾಡ್ಕೊಂಡ. ನಾನು ಟಾರ್ಚ್ ಹಿಡ್ಕೊಂಡಿದ್ದೆ."

ಗ್ಲೆನಿಸ್ ದಿನಚರಿಯ ಪುಟ ತೆರೆದು ಅವನ ಮೊಣಕಾಲ ಮೇಲಿಟ್ಟಳು. ಕ್ಲಾರಿ ಕನ್ನಡಕ ಹುಡುಕಿ, ಹಾಕಿಕೊಂಡು, ಕೊನೆಯ ಪದದವರೆಗೂ ಓದಿದ. ಆಮೇಲೆ ಎದ್ದು, ಕಪಾಟಿನಿಂದ ಬಿಸ್ಕತ್ತಿನ ಡಬ್ಬವೊಂದನ್ನು ತಂದು ಅವಳ ಕೈಗೆ ಕೊಟ್ಟ. ಒಳಗೆ ಸುರುಳಿ ಸುತ್ತಿದ ತಂತಿ, ಕತ್ತರಿಸಿದ ಹದಿನಾಲ್ಕು ಪಟ್ಟಿಗಳು. ತಂತಿಯ ಒಂದು ತುದಿಗೆ ಚೀಟಿ ಕಟ್ಟಿತ್ತು: "ಇದು ಎಂಜಿನ್ ಕಡೆ?"

"ಭಾನುವಾರ ಮಧ್ಯಾಹ್ನ," ಎಂದ. "ಕೌನ್ಸಿಲ್ಲಿನವರು ಕ್ರಿಕೆಟ್ಟಿಗೆ ಹೋಗಿದ್ರು."

12.08ಕ್ಕೆ ಗ್ಲೆನಿಸ್ ದಸ್ತಗಿರಿಯ ಮಾತು ಹೇಳಿದಳು. ಅವನು ಏನೂ ಹೇಳಬೇಕಾಗಿಲ್ಲ, ಹೇಳಿದ್ದು ಸಾಕ್ಷ್ಯವಾಗಬಹುದು ಎಂದಳು. ಅವನು ಸುಮ್ಮನಿರಲಿಲ್ಲ.

"ಟರ್ಬೊ ಕರಗಿದೆ ಅಂತ ಕೇಳಿದಾಗಿಂದ ನಿದ್ದೆ ಇಲ್ಲ. ಆ ಪ್ಯಾಕೆಟ್ ಮೇಲೆ ಬರೆದಿತ್ತು, ಕೆಂಪು ಮೈನಸ್ ಅಂತ. ಓದಿದ್ದು ನೆನಪಿದೆ. ಹಾಗೇ ಹಾಕಿದೆನಾ? ನಲವತ್ತು ವರ್ಷದ ಕೈ ಗ್ಲೆನಿಸ್, ನಾನು ಓದಿದ್ದನ್ನ ಅದು ಕೇಳಿಸಿಕೊಳ್ತೋ ಇಲ್ಲವೋ. ಹೋಗಿ ನೋಡ್ಕೊಂಡು ಬರೋಣ ಅಂತಲೇ ಹೋದೆ. ಪಟ್ಟಿಗಳನ್ನ ಬಿಡಿಸಿದ್ದೆ ಅಷ್ಟೆ, ಕವಚ ಸೀಳಿ ನೋಡೋ ಮುಂಚೆ ಅಂಗಳಕ್ಕೆ ಲಾರಿ ಬಂದ ಸದ್ದಾಯ್ತು. ಕತ್ತರಿಸಿ ತಗೊಂಡೆ. ಇಲ್ಲಿ ಬಂದು ನೋಡಿದರೆ ಬರೀ ತಂತಿ. ಯಾವ ಎಳೆ ಯಾವ ತಿರುಪಿಗಿತ್ತೋ, ಅದು ಅಲ್ಲೇ ಉಳೀತು."

"ಬ್ಲೋಲ್ಯಾಂಪ್ ಹಿಡಿದು ನೋಡಿದ್ರಲ್ಲ."

"ನೋಡಿದ್ವಿ. ಸೂಜಿ ಮೇಲಕ್ಕೆ ಹೋಯ್ತು. ಆರ್ನಿ ಕುಣಿದಾಡಿದ." ಕನ್ನಡಕ ತೆಗೆದ. "ನಮ್ಮ ಕಡೆ ಜುಲೈ ಅಂದ್ರೆ ಚಳಿಗಾಲ. ಎಂಜಿನ್ ಗೂಡೂ ಕೂರೋ ಜಾಗವೂ ಒಂದೇ ತಣ್ಣಗಿತ್ತು, ತಪ್ಪಿದ್ರೂ ಕಾಣ್ತಿರಲಿಲ್ಲ."

ಅಂದರೆ ಅವನಿಗೆ ಮಿಕ್ಕಿದ್ದೆಲ್ಲ ಅರ್ಥವಾಗಿತ್ತು. ಗೊತ್ತಿಲ್ಲದ್ದು ಒಂದೇ, ತನ್ನ ಕೈ ಎಳೆಗಳನ್ನು ಅದಲುಬದಲು ಮಾಡಿತ್ತೇ ಎಂಬುದು.

ಠಾಣೆಯಲ್ಲಿ 12.40ಕ್ಕೆ ವಶಪಡಿಸಿಕೊಂಡ ವಸ್ತುಗಳ ಪಟ್ಟಿಯನ್ನು ಅವನಿಗೆ ಓದಿಹೇಳಬೇಕಾಗಿತ್ತು. ನಿಯಮ. ತಂತಿ, ಒಂದು. ಕತ್ತರಿಸಿದ ಪಟ್ಟಿ, ಹದಿನಾಲ್ಕು. ಡಬ್ಬ, ಒಂದು. ಲೋಹದ ತುಂಡು, ನಾಲ್ಕು. ಆಯಸ್ಕಾಂತ, ಒಂದು.

"ಆಯಸ್ಕಾಂತ ಯಾಕೆ?"

ಗ್ಲೆನಿಸ್ ಹಾಳೆ ತಿರುವಿದಳು. ಸೆಮಿಸಿ ತಡೆಯಲಾರದೆ ಅಂದುಬಿಟ್ಟ: "ಮೈನಸ್ಸಿಗೆ ಹೋಗಬೇಕಾದ ಎಳೆ ಅಂಟುತ್ತಂತೆ ಅಜ್ಜಾ. ಇನ್ನೊಂದು ಅಂಟಲ್ವಂತೆ."

ಕ್ಲಾರಿ ಅವನನ್ನೇ ನೋಡಿದ. "ಆಯಸ್ಕಾಂತ ಸಾಕಿತ್ತಾ?" ಎಂದ. "ನನ್ನ ಶೆಡ್ಡಲ್ಲಿ ಡಬ್ಬಗಟ್ಟಲೆ ಇದೆಯಲ್ಲೋ. ಕತ್ತರಿಸೋದೇ ಬೇಡವಾಗಿತ್ತು." ಆಮೇಲೆ, ತಗ್ಗಿದ ದನಿಯಲ್ಲಿ: "ಪ್ಲಸ್ಸಿಂದು ಅಂಟಿತಾ ಗ್ಲೆನಿಸ್?"

"ವರದಿ ಮರಣ ವಿಚಾರಣೆಗೆ ಹೋಗುತ್ತೆ. ಅದಕ್ಕೆ ಮುಂಚೆ ನಾನು ಹೇಳೋ ಹಾಗಿಲ್ಲ."

"ಎಷ್ಟು ದಿನ?"

"ಏಳು ತಿಂಗಳು. ಎಂಟಾಗಬಹುದು."

"ನಾನು ಅಷ್ಟು ದಿನ ಏನು ಮಾಡಲಿ?"

ಗ್ಲೆನಿಸ್ ಹಾಳೆಯ ಕೆಳಗೆ ಅವನ ಸಹಿ ಹಾಕಿಸಿಕೊಂಡಳು. ಗಾಜಿನ ಬಾಗಿಲಾಚೆ ಟ್ರೂಡಿ ಕೂತಿದ್ದಳು. ಅವಳಿಗೂ ಹೇಳುವಂತಿರಲಿಲ್ಲ, ಅವಳ ಅಪ್ಪ ಗೆರೆ ದಾಟಿದ್ದು ತಿಳಿದು ಮಾಡಿದ್ದಲ್ಲ ಎಂದು. ಒಬ್ಬಳಿಗೆ ಬೇಕಾದ ಮಾತೇ ಇನ್ನೊಬ್ಬನನ್ನು ಮುಗಿಸುವ ಮಾತು. ಎರಡನ್ನೂ ಗ್ಲೆನಿಸ್ ಒಂದೇ ಕಡತದಲ್ಲಿಟ್ಟು ದಾರ ಕಟ್ಟಿದಳು.

ಅಪರಾಧದ ಉದ್ದೇಶ ಎಂಬ ಅಂಕಣದಲ್ಲಿ ಮೊದಲು "ಸಾಕ್ಷ್ಯ ಮರೆಮಾಚಲು" ಎಂದು ಬರೆದಿದ್ದಳು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, "ತಿಳಿದುಕೊಳ್ಳಲು" ಎಂದು ತಿದ್ದಿದಳು.

ತಂತಿಯನ್ನು ಸೆಮಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೊಹರು ಒತ್ತಿದ. ತುದಿಯ ಚೀಟಿ ಚೀಲದ ಮೂಲಕವೂ ಓದಲು ಬರುತ್ತಿತ್ತು. ಅದರ ಮೇಲಿನ ಪ್ರಶ್ನೆಯ ಗುರುತನ್ನು ಅಳಿಸುವ ಅಧಿಕಾರ ಠಾಣೆಯಲ್ಲಿ ಯಾರಿಗೂ ಇರಲಿಲ್ಲ.