ಕಾಳೋಜನ ಮೂವತ್ತೆರಡನೆಯ ತೋಪು

ಕರಿಗಿರಿ ಪಟ್ಟಣದ ಏಳು ಸುತ್ತಿನ ಕೋಟೆಯ ಮೇಲೆ ಅಂದು ಕೇಸರಿ ಪತಾಕೆಗಳು ಹಾರಾಡುತ್ತಿದ್ದವು. ಆನೆಬಾಗಿಲಿನಿಂದ ಅರಮನೆಯ ಬಯಲಿನವರೆಗೂ ರಾಜಬೀದಿಗೆ ನೀರು ಚಿಮುಕಿಸಿ ರಂಗವಲ್ಲಿ ಇಟ್ಟಿದ್ದರು. ಉಪ್ಪರಿಗೆಗಳಲ್ಲಿ ಜನ ಕಿಕ್ಕಿರಿದಿದ್ದರು. ಹೊಸ ತೋಪಿನ ಪರೀಕ್ಷೆಯೆಂದರೆ ಆ ಊರಿಗೆ ಹಬ್ಬ. ಆದರೆ ಈ ಹಬ್ಬದಲ್ಲಿ ಒಬ್ಬರ ಮುಖದಲ್ಲೂ ಕಳೆಯಿರಲಿಲ್ಲ. ನವಾಬನ ದಂಡು ಹೊಳೆಯಾಚೆ ಡೇರೆ ಹೊಡೆದು ಕೂತಿತ್ತು. ಅರಮನೆ ಯಾಕೆ ಸುಮ್ಮನಿದೆಯೆಂದು ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಬಯಲಿನ ನಡುವೆ ತೋಪಿನ ಪಕ್ಕದಲ್ಲಿ ಕಂಚುಗಾರ ಕಾಳೋಜ ಸುತ್ತಿಗೆ ಹಿಡಿದು ನಿಂತಿದ್ದ. ಅವನು ಎರಕ ಹೊಯ್ದ ಮೂವತ್ತೆರಡನೆಯ ತೋಪು ಅದು. ಒಳಗೆ ಗಾಳಿಗುಳ್ಳೆ ಬಿದ್ದಿತ್ತು. ಪರೀಕ್ಷೆಗೆಂದು ತುಂಬುವ ಇಮ್ಮಡಿ ಮದ್ದಿಗೆ ಅದು ಸಿಡಿಯುವುದು ಖಂಡಿತ.

ಬತ್ತಿ ಇಡಬೇಕಾದವರು ತೋಪುಖಾನೆಯ ಜನರಲ್ ಲಾಂಬೇರ್ ಸಾಹೇಬರು. ಇಪ್ಪತ್ತೆರಡು ವರ್ಷಗಳ ಹಿಂದೆ ಪುದುಚೇರಿಯಲ್ಲಿ ಫ್ರೆಂಚರ ಹಡಗಿನಿಂದಿಳಿದು ಹರಕು ಬೂಟಿನಲ್ಲಿ ಕರಿಗಿರಿಗೆ ನಡೆದು ಬಂದ ಈ ಪುಣ್ಯಾತ್ಮನಿಗೆ ಸಿಕ್ಕ ಮೊದಲ ಚಾಕರಿ ತೋಪಿನ ಗಾಲಿಗೆ ಎಣ್ಣೆ ಹಾಕುವುದು. ಹನ್ನೊಂದು ಯುದ್ಧಗಳನ್ನು ಕಂಡು, ಗುಂಡು ಹಾರಿಸುವ ಗೋಲಂದಾಜನಾಗಿ, ಜಮಾದಾರನಾಗಿ, ಕೊನೆಗೆ ಸಮಸ್ತ ತೋಪುಖಾನೆಗೆ ಅಧಿಪತಿಯಾದರೂ ಒಂದು ನೇಮವನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಹೊಸ ತೋಪನ್ನು ತಟ್ಟಿಸಿ, ಲೋಹದ ಸ್ವರ ಕೇಳಿ, ಶುದ್ಧವೆಂದು ಸಾರಿ, ಮೊದಲ ಗುಂಡಿಗೆ ತಾವೇ ಬತ್ತಿ ಇಡುವರು. "ಸಾರಿದವನು ನಾನು. ಅದಕ್ಕೆ ನನ್ನ ಸಿಪಾಯಿ ಯಾಕೆ ಸಾಯಬೇಕು?" ಎನ್ನುವರು.

ಒಂಬತ್ತು ವರ್ಷಗಳ ಹಿಂದೆ ಹೊಸಹಳ್ಳದ ಯುದ್ಧದಲ್ಲಿ ಮೂರು ದಿನ ತೋಪುಗಳ ಪಕ್ಕ ಬಿಟ್ಟು ಕದಲದೆ ಗೆದ್ದ ಸಾಹೇಬರಿಗೆ ನಾಲ್ಕನೆಯ ದಿನ ಸ್ವಂತ ಕುದುರೆಯ ಕೆನೆತವೂ ಕೇಳಿಸಲಿಲ್ಲ. ಕಿವುಡ ಜನರಲನನ್ನು ಯಾವ ಅರಮನೆ ಇಟ್ಟುಕೊಂಡೀತು? ಗುಟ್ಟನ್ನು ಅವರು ಕಾಳೋಜನೊಬ್ಬನಿಗೆ ಹೇಳಿದ್ದರು. ಮನುಷ್ಯರ ಮಾತನ್ನು ತುಟಿ ನೋಡಿ ಹಿಡಿಯಲು ಕಲಿತರು, ಲೋಹಕ್ಕೆ ತುಟಿಯಿಲ್ಲವಲ್ಲ. ಕಾಳೋಜ ಸುತ್ತಿಗೆಯಿಂದ ತಟ್ಟುವನು. ಸ್ವರ ಶುದ್ಧವಾಗಿದ್ದರೆ ಬಲಗೈ ಎದೆಗೆ, ದೋಷವಿದ್ದರೆ ಹಣೆಗೆ. ಒಂಬತ್ತು ವರ್ಷ ಹೀಗೇ ನಡೆದಿತ್ತು.

ಹಿಂದಿನ ದಿನ ಮಧ್ಯಾಹ್ನ ಪ್ರಧಾನಿ ಲಿಂಗರಸಯ್ಯನವರು ಕಾಳೋಜನನ್ನು ಕರೆಸಿದ್ದರು.

"ಆಚಾರಿ, ನಿನ್ನ ಮಗಳು ದೇವೀರಮ್ಮನಿಗೆ ದಿನ ತುಂಬಿದೆ. ಅವಳನ್ನು ನಮ್ಮ ಮನೆಗೇ ಕರೆತಂದಿದ್ದೇವೆ" ಎಂದರು, ವೀಳ್ಯ ಮಡಿಸುತ್ತ.

"ನಾನು ಕೇಳಿಕೊಂಡಿರಲಿಲ್ಲ ಬುದ್ಧಿ."

"ಇಲ್ಲ. ನೀನು ಕೈಯಲ್ಲೇನೋ ಸನ್ನೆ ಮಾಡುತ್ತೀಯೆ, ಆ ಕಿವುಡ ಅದನ್ನು ನೋಡಿ ಸಾರುತ್ತಾನೆ. ಅದನ್ನೂ, ಎರಕದಲ್ಲಿ ಗುಳ್ಳೆಯಿದೆಯೆಂಬುದನ್ನೂ ನಿನ್ನ ಕುಲುಮೆಯ ಆಳೇ ನಮಗೆ ಹೇಳಿದ್ದಾನೆ. ನಾಳೆ ಆ ತೋಪು ಶುದ್ಧವೆಂಬ ಮಾತು ಅವನ ಬಾಯಿಂದ ಬರಬೇಕು. ಬಂದರೆ ಸಂಜೆಗೆ ಮಗಳು ನಿನ್ನ ಮನೆಯಲ್ಲಿರುತ್ತಾಳೆ. ಬಾರದಿದ್ದರೆ ಇರುವುದಿಲ್ಲ."

"ಸಾಹೇಬರು ಮಾಡಿದ ತಪ್ಪೇನು ಬುದ್ಧಿ?"

"ಏನೂ ಇಲ್ಲ. ನವಾಬನೊಡನೆ ಸಂಧಿಪತ್ರಕ್ಕೆ ಮಹಾಸ್ವಾಮಿಯವರ ಮುದ್ರೆ ಬಿದ್ದಿದೆ. ಮೊದಲ ಷರತ್ತು ಈ ಪರಂಗಿ ಸಾಹೇಬನ ತಲೆ. ನಾವೇ ಹಿಡಿದುಕೊಟ್ಟರೆ ಅವನ ಸಿಪಾಯಿಗಳು ಅರಮನೆಯನ್ನು ಉಳಿಸುತ್ತಾರೆಯೆ? ತೋಪು ಸಿಡಿದರೆ ಯಾರೂ ಹೊಣೆಯಲ್ಲ."

ಅಲ್ಲಿಂದ ಕಾಳೋಜನ ಬೆನ್ನಿಗೆ ಕಾವಲು ಬಿತ್ತು. ಈಗಲೂ ಭಟನೊಬ್ಬ ಹಿಂದೆಯೇ ನಿಂತಿದ್ದ.

ಭೇರಿ ನಿಂತಿತು. ಸಾಹೇಬರು ಎಂದಿನಂತೆ ಬಂದು ಎದುರು ನಿಂತರು. ಪ್ರತಿ ಸಲ ಹೊಸ ತೋಪಿಗೆ ಕುಂಕುಮ ಹಚ್ಚುತ್ತಿದ್ದವಳು ದೇವೀರಮ್ಮ. ಇಂದು ಅವಳು ಪ್ರಧಾನಿಯ ಉಪ್ಪರಿಗೆಯಲ್ಲಿ ಇಬ್ಬರು ಭಟರ ನಡುವೆ ನಿಂತಿದ್ದಳು. ಕಾಳೋಜ ತೋಪನ್ನು ತಟ್ಟಿದ. ಒಡೆದ ಗಡಿಗೆಯ ಸ್ವರ. ಸುಳ್ಳು ಹೇಳುವುದೆಂದು ನಿಶ್ಚಯಿಸಿಯೇ ಬಂದಿದ್ದ. ಕೈ ಎದೆಯ ಹತ್ತಿರಕ್ಕೂ ಬಂತು. ಆ ಮುದಿ ಮುಖ ಎಷ್ಟು ನಂಬಿಕೆಯಿಂದ ಕೈಯನ್ನೇ ನೋಡುತ್ತಿತ್ತೆಂದರೆ, ಕೈ ಅಲ್ಲಿ ನಿಲ್ಲದೆ ಹಣೆಗೆ ಏರಿಬಿಟ್ಟಿತು. ದೇವರೇ, ಮಗಳನ್ನು ನನ್ನ ಕೈಯಾರೆ ಕೊಂದೆ ಎಂದುಕೊಂಡ.

ಸನ್ನೆಯ ಅರ್ಥ ಪ್ರಧಾನಿಗೆ ತಿಳಿಯದು. ಅವರು ಸಾಹೇಬರ ಬಾಯಿಗಾಗಿ ಕಾಯುತ್ತಿದ್ದರು.

ಸಾಹೇಬರ ದೃಷ್ಟಿ ಉಪ್ಪರಿಗೆಗೆ ಹೋಯಿತು, ದೇವೀರಮ್ಮನ ಮೇಲೆ ನಿಂತಿತು, ಹಿಂದಿರುಗಿತು. ಯಾಕೆಂದು ಹುಬ್ಬಿನಲ್ಲೇ ಕೇಳಿದರು. ಬೆನ್ನ ಹಿಂದಿನ ಭಟನಿಗೆ ಕಾಣದಂತೆ ಕಾಳೋಜ ದನಿಯಿಲ್ಲದೆ ತುಟಿಯಾಡಿಸಿದ: "ಸಂಧಿಗೆ ಮುದ್ರೆ ಬಿದ್ದಿದೆ. ನಿಮ್ಮ ತಲೆ ಕೇಳಿದ್ದಾರೆ."

ಸಾಹೇಬರು ಬಹಳ ಹೊತ್ತು ಅರಮನೆಯ ಕಡೆ ನೋಡಿದರು. ಇಪ್ಪತ್ತೆರಡು ವರ್ಷದ ಉಪ್ಪಿನ ಋಣಕ್ಕೆ ಸಿಕ್ಕ ಬೆಲೆ ಅದು. ಆಮೇಲೆ ಕಾಳೋಜನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಮೊಮ್ಮಗುವಿಗೆ ನನ್ನ ಹೆಸರಿಡಬೇಡವಯ್ಯ. ಈ ಊರಿನಲ್ಲಿ ಯಾರ ನಾಲಿಗೆಗೂ ಅದು ಹೊರಳುವುದಿಲ್ಲ."

ಬಯಲಿಗೆಲ್ಲ ಕೇಳುವಂತೆ ಸಾರಿದರು: "ಸ್ವರ ಶುದ್ಧವಾಗಿದೆ. ಎಲ್ಲರೂ ನೂರು ಹೆಜ್ಜೆ ಹಿಂದೆ ಸರಿಯಿರಿ."

ಕಾಳೋಜ ಅವರ ತೋಳು ಹಿಡಿದು ಜಗ್ಗಿದ. ಭಟ ಅವನನ್ನು ದರದರ ಎಳೆದೊಯ್ದ. ಸಾಹೇಬರು ತಿರುಗಿ ನೋಡದೆ ಬತ್ತಿ ಇಟ್ಟರು.

ಹೊಗೆ ಅಡಗಿದ ಮೇಲೆ ಅಲ್ಲಿ ನೋಡುವಂಥದ್ದೇನೂ ಉಳಿದಿರಲಿಲ್ಲ.

ತೋಪು ಸಿಡಿದ ವಿಚಾರಣೆಗೆ ಕಾಳೋಜನನ್ನು ಆಸ್ಥಾನಕ್ಕೆ ಕರೆಸಿದ್ದರು. ಸಂಜೆ ದೇವೀರಮ್ಮ ಮನೆ ಸೇರಿದಳೆಂಬ ಸುದ್ದಿ ಬಂದ ಮೇಲೆಯೇ ಅವನು ಬಾಯಿ ಬಿಟ್ಟ. ಮಹಾಸ್ವಾಮಿಯವರು ಸಿಂಹಾಸನದಿಂದ ಕೇಳಿದರು: "ಇಷ್ಟು ವರ್ಷ ತಪ್ಪದ ಜನರಲ್ ಸಾಹೇಬರ ಕಿವಿ ಇಂದು ತಪ್ಪಿತೆ?"

"ಇಲ್ಲ ಮಹಾಸ್ವಾಮಿ. ಎರಕದ ದೋಷ ನನ್ನದು. ಅದು ಅವರಿಗೆ ತಿಳಿದಿತ್ತು. ಸಂಧಿಯ ವಿಷಯವೂ ತಿಳಿದಿತ್ತು. ತಿಳಿದೇ ಬತ್ತಿ ಇಟ್ಟರು."

ಪ್ರಧಾನಿಯವರ ಮುಖ ಕಪ್ಪಿಟ್ಟಿತು. ಮಹಾಸ್ವಾಮಿಯವರು ಮುದ್ರೆಯುಂಗುರವಿದ್ದ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು. ಶಿಕ್ಷೆಯ ಮಾತನ್ನು ಯಾರೂ ಎತ್ತಲಿಲ್ಲ.

ಮೂರನೆಯ ದಿನ ಆನೆಬಾಗಿಲು ನವಾಬನಿಗೆ ತೆರೆಯಿತು. ಕಾಳೋಜ ಮಗಳನ್ನೂ ಹಸುಗೂಸನ್ನೂ ಕರೆದುಕೊಂಡು ಊರು ಬಿಟ್ಟ. ಮುಂದೆ ಅವನು ತಂಬಿಗೆ, ಬಟ್ಟಲುಗಳನ್ನು ಮಾಡಿ ಬದುಕಿದ. ಒಂದೊಂದನ್ನೂ ತಟ್ಟಿ ನೋಡಿ, ಸ್ವರ ಸರಿಯಿದ್ದರೆ, ಎದುರಿಗೆ ಯಾರೂ ಇಲ್ಲದಿದ್ದರೂ ಬಲಗೈಯನ್ನು ಎದೆಗೆ ಒಯ್ಯುತ್ತಿದ್ದ.