ಹೆಸರು ಹಿಡಿದು ಕರೆದರೆ ಮಾತ್ರ

ಗುಂಡಗುರ್ತಿಯ ಅಮೃತಪ್ಪನ ಮನೆಗೆ ಕಾಲಿಟ್ಟ ದಿನವೇ ಗುರುದೇವಿ ತನ್ನ ಸವತಿಯನ್ನು ಕಂಡಳು.

ಊರಿನ ಹಂಚಿನ ಮಸಿಯನ್ನೆಲ್ಲ ಕೆರೆದು ಬಳಿದಂಥ ಬಣ್ಣ. ನಾಲ್ಕು ಕಾಲು. ಹೆಸರು ಮಾತ್ರ ಚಂದ್ರಿ.

"ಚಂದ್ರೀ... ಬಾರವ್ವ, ನನ್ನ ಬಂಗಾರ," ಎಂದು ಅಮೃತಪ್ಪ ಕರೆದರೆ ಸಾಕು, ಆ ಎಮ್ಮೆ ಚಿಂಚೋಳಿಯ ಗುಡ್ಡ ನಡುಗುವಂತೆ ಓಗೊಡುತ್ತಿತ್ತು. ಹೆಂಡತಿಯನ್ನು ಕರೆಯುವುದಿದ್ದರೆ ಬರೀ, "ಏ, ಕೇಳ್ತೇನು?"

"ಎಮ್ಮಿಗಿ ಹೆಸರದ, ನನಗಿಲ್ಲೇನ್ರಿ?" ಎಂದು ಒಮ್ಮೆ ಕೇಳಿಯೇಬಿಟ್ಟಳು.

"ನಾಚ್ಕಿ ಬರ್ತದ," ಎಂದವನೇ ಕೊಟ್ಟಿಗೆಗೆ ನುಸುಳಿದ.

ನಾಚಿಕೆಯಂತೆ... ನಾನು ಮನಸ್ಸಿಗೆ ಬಂದಿಲ್ಲ, ಅಷ್ಟೇ. ಗುರುದೇವಿ ಆ ದಿನ ರೊಟ್ಟಿಯನ್ನು ಎಷ್ಟು ಜೋರಾಗಿ ಬಡಿದಳೆಂದರೆ ಗೋಡೆಯ ಮಣ್ಣು ಉದುರಿತು.

ಮುಂದಿನ ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರು ಊರೂರು ಹೊಕ್ಕರು. ಒಂದು ಮಧ್ಯಾಹ್ನ ಕೊಡ್ಲಿಯ ಕಡೆ ಹೊಗೆ ಕಂಡಿತು. ಅಮೃತಪ್ಪ ಹೆಂಡತಿಯನ್ನು ಅಂಗಳದ ಹಗೇವಿನೊಳಗೆ ಇಳಿಸಿದ. ಜೋಳ ತುಂಬುವ ಆ ನೆಲಗುಂಡಿ ಖಾಲಿಯಾಗಿತ್ತು.

"ಯಾರು ಕರೆದ್ರೂ ಓ ಅನ್ನಬ್ಯಾಡ. ನಾ ಕರೆದ್ರೂ ಅನ್ನಬ್ಯಾಡ. ನಿನ್ನ ಹೆಸರು ಹಿಡಿದು ಕರೆದ್ರ ಅಷ್ಟೇ ಅನ್ನು."

"ಹಂಗಾದ್ರ ನಾ ಇಲ್ಲೇ ಮುದುಕಿ ಆಗ್ತೀನಿ ಬಿಡ್ರಿ."

ಅವನು ನಗಲಿಲ್ಲ. ಬೆರಳು ತೂರುವಷ್ಟು ಸಂದಿ ಬಿಟ್ಟು ಹಗೇವಿನ ಬಾಯಿಗೆ ಫರ್ಸಿಕಲ್ಲಿನ ಚಪ್ಪಡಿ ಎಳೆದ.

ಒಳಗೆ ಕತ್ತಲು, ಮುಗ್ಗಿದ ಜೋಳದ ವಾಸನೆ. ಮೇಲೆ ಬೂಟುಗಳ ಸದ್ದು.

"ಹೆಂಡ್ತಿ ಎಲ್ಲಿ?"

"ತವರಿಗಿ ಹೋಗ್ಯಾಳ್ರಿ."

"ಮತ್ತ ಈ ಹಸಿ ಸೀರಿ ಯಾರದೋ?"

ಲಾಠಿ ಬಿತ್ತು. ಮತ್ತೆ ಬಿತ್ತು. ಒಂದೊಂದು ಏಟೂ ಗುರುದೇವಿಯ ಬೆನ್ನಿಗೇ ಬಿದ್ದಂತಾಯಿತು. ಕೂಗಿದರೆ ಅವನನ್ನು ಬಿಡುತ್ತಾರೇನೋ... ಕೂಗಿದರೆ ತನ್ನನ್ನು? ಸೆರಗನ್ನು ಬಾಯಿಗೆ ತುರುಕಿಕೊಂಡಳು. ತಲೆಯ ಮೇಲಿನ ಕಲ್ಲನ್ನು ಒಳಗಿನಿಂದ ಸರಿಸಲು ಹತ್ತು ಆನೆ ಬೇಕಿತ್ತು.

"ಹೆಸರು ಹಿಡಿದು ಕರಿ ಅಕಿನ್ನ. ಇಲ್ಲಂದ್ರ ಮನಿಗಿ ಬೆಂಕಿ."

ಗುರುದೇವಿ ಸಂದಿಯತ್ತ ಮುಖ ಎತ್ತಿದಳು. ಈಗ ಕರೆಯುತ್ತಾನೆ...

"ಚಂದ್ರೀ..." ಅವನ ದನಿ ಒಡೆದಿತ್ತು. "ಬಾರವ್ವ, ನನ್ನ ಬಂಗಾರ..."

ಕೊಟ್ಟಿಗೆಯಿಂದ ಎಮ್ಮೆ ಓಗೊಟ್ಟಿತು.

ಬಂದವರು ಬಿದ್ದು ಬಿದ್ದು ನಕ್ಕರು. "ಇವನ ಹೆಂಡ್ತೀನ ನೋಡ್ರೋ. ನಡಿ, ಇಕಿನ್ನೇ ಹೊಡಕೊಂಡು ಹೋಗೋಣ."

ಚಂದ್ರಿಯ ಕೂಗು ದೂರ ದೂರ ಹೋಯಿತು. ಸವತಿ ಎಂದು ಬೈದ ಬಾಯಿಯಲ್ಲಿ ಸೆರಗು ಕಣ್ಣೀರಿಗೆ ಒದ್ದೆಯಾಯಿತು.

ಆಮೇಲೆ ಕಲ್ಲಿನ ಮೇಲೆ ಉಗುರು ಕೆರೆದ ಸದ್ದು.

"ಗುರುದೇವಿ..."

ಅವಳು ಬಾಯಿಗೆ ತುರುಕಿದ್ದ ಸೆರಗನ್ನು ಎಳೆದು ತೆಗೆದಳು.

"ಗುರುದೇವಿ, ಓ ಅನ್ನು. ನನ್ನ ಕೈ ಮುರದದ, ಕಲ್ಲು ಸರಿಯವಲ್ದು. ಬಾಜೂ ಮನಿ ಮಜೀದಸಾಬ ಬರಲಿಕತ್ತಾನ. ಅಲ್ಲೀತನಕ ಮಾತಾಡು..."

ಗುರುದೇವಿ ತುದಿಗಾಲಲ್ಲಿ ನಿಂತು ಸಂದಿಯಲ್ಲಿ ಬೆರಳು ತೂರಿಸಿದಳು. ಮೇಲಿನಿಂದ ರಕ್ತ ಮೆತ್ತಿದ ಬೆರಳೊಂದು ಅದನ್ನು ಹಿಡಿಯಿತು.

"ಓ," ಎಂದಳು. "ಅವರ ಮುಂದ ನನ್ನ ಹೆಸರು ಯಾಕ ಹೇಳಲಿಲ್ರಿ?"

"ಒಬ್ಬನೇ ಇದ್ದಾಗ ನಿನ್ನ ಹೆಸರು ಕರದು ಕರದು ಇಟ್ಟುಕೊಂಡಿದ್ದೆ. ಅವರ ಮುಂದ ಹೆಂಗ ಚೆಲ್ಲಲಿ?"

"ಚಂದ್ರಿ ಹೋದ್ಲೇನ್ರಿ?"

"ಹೋದ್ಲು."

ಕಲ್ಲು ನಡುವೆ ಹಾಗೇ ಇತ್ತು.

"ಇನ್ನೊಮ್ಮೆ ಕರೀರಿ."

"ಗುರುದೇವಿ."

"ಓ."