ಮೂರು ದಿನ ಎಳೆದ ಕೋಶ

ಕುಸುಮಾ ಪರದೆಯ ಮೇಲೆ ಪೆನ್ನು ಓಡಿಸುತ್ತಿದ್ದಳು. ಮೆದುಳಿನ ನರಕೋಶಗಳಿಗೆ ಆಸರೆಯಾಗಿ ನಿಲ್ಲುವ ಒಂದು ಕೋಶ. ನಡುವೆ ಪುಟ್ಟ ಒಡಲು, ಸುತ್ತ ಕವಲೊಡೆದ ಕೊಂಬೆಗಳು. ಒಂದೊಂದನ್ನೂ ತುದಿಯವರೆಗೆ ಗೆರೆ ಎಳೆದು ಗುರುತಿಸುವುದು ಅವಳ ಕೆಲಸ. ನೂರಾ ಹತ್ತೊಂಬತ್ತು ಮುಗಿದಿದ್ದವು. ಇದು ಕೊನೆಯದು.

ಒಂದಕ್ಕೆ ಒಂದು ದಿನ ಸಾಕು. ಇದಕ್ಕೆ ಮೂರನೇ ದಿನ ನಡೆಯುತ್ತಿತ್ತು.

"ಏನೇ, ಕಸೂತಿ ಹಾಕ್ತಾ ಇದೀಯಾ?" ಪಕ್ಕದ ಮೇಜಿನ ಲತಾ ಕೇಳಿದಳು.

"ತುಂಬಾ ಸಣ್ಣ ಕೊಂಬೆಗಳು ಕಣೇ."

ಸುಳ್ಳು. ಇದು ಮುಗಿದರೆ ಕೆಂಗೇರಿಯ ಈ ಲ್ಯಾಬಿನಲ್ಲಿ ಅವಳ ಕೆಲಸವೂ ಮುಗಿಯುತ್ತದೆ. ಮೂವತ್ತೊಂಬತ್ತರ ವಯಸ್ಸಿನಲ್ಲೂ ಇನ್ನೊಂದು ಕೆಲಸ ಹೇಗೋ ಸಿಕ್ಕೀತು. ಮಹದೇವ್ ಸಿಗುವುದಿಲ್ಲ.

ಇದೇ ಕೋಶಗಳ ಸಂಕೇತಗಳನ್ನು ಅಳೆಯುವವನು ಮಹದೇವ್: ಕ್ಯಾಲ್ಸಿಯಂ ಎಲ್ಲಿ ಏರಿತು, ಎಷ್ಟು ಹೊತ್ತು ನಿಂತಿತು. ಆಕಾರ ಅವಳದು, ಸಂಕೇತ ಅವನದು. ಎರಡೂ ಮುಗಿಯುವವರೆಗೆ ಒಬ್ಬರದನ್ನು ಇನ್ನೊಬ್ಬರು ನೋಡುವಂತಿಲ್ಲ; ನೋಡಿದರೆ ಕೈ ತಾನಾಗಿ ಬೇಕಾದ ಕಡೆ ವಾಲುತ್ತದೆ. ಹಾಗಾಗಿ ಏಳು ತಿಂಗಳಿಂದ ಅವನು ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದ.

ಇವತ್ತೂ ಬಂದ. ಕೈಯಲ್ಲಿ ಎರಡು ಲೋಟ ಕಾಫಿ, ಕಣ್ಣು ಕಿಟಕಿಯ ಮೇಲೆ.

"ಒಳಗೆ ಬಂದ್ರೆ ಟ್ಯಾಕ್ಸಾ ಸಾರ್?" ಎನ್ನುತ್ತಾ ಲತಾ ಡಬ್ಬಿ ತೊಳೆಯಲು ಎದ್ದು ಹೋದಳು.

ಕುಸುಮಾ ಬಾಗಿಲಿಗೆ ಹೋಗಿ ಲೋಟ ತೆಗೆದುಕೊಂಡಳು. "ಕಿಟಕೀಲಿ ಏನಿದೆ ಅಷ್ಟೊಂದು?"

"ಏನಿಲ್ಲ. ಆ ಕಡೆ ನೋಡಿದ್ರೆ ನಿಮ್ ಸೆಲ್ಲು, ಈ ಕಡೆ ನೋಡಿದ್ರೆ ನೀವು. ಎರಡೂ ಡೇಂಜರ್."

ಲೋಟ ಬಿಸಿಯಾಗಿತ್ತು. ಅವಳು ಅದನ್ನೇ ನೆಪ ಮಾಡಿಕೊಂಡು ತಲೆ ತಗ್ಗಿಸಿ, ಲೋಟವನ್ನು ಸೆರಗಿನಲ್ಲಿ ಹಿಡಿದಳು. "ಅಷ್ಟಕ್ಕೂ ಈ ಸಣ್ಣ ಕೊಂಬೆಗಳು ಯಾಕೆ ಅಷ್ಟು ಮುಖ್ಯ?"

"ನಮ್ಮ ಊಹೆ ಅಷ್ಟೇ. ದಪ್ಪ ಕಡೆ ಸಿಗ್ನಲ್ ಹರಡಿ ಆರಿಹೋಗುತ್ತೆ. ಸಣ್ಣ ತುದೀಲಿ ಜಾಗ ಕಮ್ಮಿ. ಚೂರು ಕ್ಯಾಲ್ಸಿಯಂ ಬಂದ್ರೂ ಜೋರಾಗೇ ತಿಳಿಯುತ್ತೆ." ಅವನು ಕಿಟಕಿ ಬಿಟ್ಟು ನೇರ ಅವಳನ್ನು ನೋಡಿದ. "ನಂದೂ ಹಂಗೇ. ನೀವು ಚೂರು ನಕ್ರೂ ಸಾಕು, ದಿನ ಪೂರ್ತಿ ನಿಲ್ಲುತ್ತೆ."

ಅವಳು ಸೆರಗಿನ ತುದಿಯನ್ನು ಲೋಟಕ್ಕೆ ಇನ್ನೊಂದು ಸುತ್ತು ಸುತ್ತಿದಳು.

"ನನ್ನ ಕಡೆದು ಹೋದ ವಾರಾನೇ ಮುಗೀತು," ಎಂದ. "ನೀವೂ ಮುಗಿಸಿದ್ರೆ ಈ ಬಾಗಿಲು ದಾಟಬಹುದು ಅಂತ ಕಾಯ್ತಾ ಇದೀನಿ. ನೀವು ನೋಡಿದ್ರೆ ಮುಗಿಸ್ತಾನೇ ಇಲ್ಲ."

ಅವನು ಕೈತಪ್ಪದಿರಲೆಂದು ಎಳೆದ ಮೂರು ದಿನವೂ ಅವಳೇ ಅವನನ್ನು ಹೊರಗೆ ನಿಲ್ಲಿಸಿದ್ದಳು. ನಗು ತಡೆಯಲಾಗಲಿಲ್ಲ.

"ಇಪ್ಪತ್ತು ನಿಮಿಷ ಕೊಡಿ."

"ಆಮೇಲೆ ಒಟ್ಟಿಗೆ ಮೆಟ್ರೋದಲ್ಲಿ ಹೋಗೋಣ್ವಾ? ನಿಮ್ದು ಅತ್ತಿಗುಪ್ಪೆ, ನಂದು ಅದರ ಮುಂದಿನದು. ವಿಜಯನಗರ."

"ಗೊತ್ತು," ಎಂದಳು, ತುಸು ಬೇಗನೇ.

ಉಳಿದ ಕೊಂಬೆಗಳನ್ನು ಅವಳು ಎಂದಿನ ನಿಗಾದಿಂದಲೇ ಎಳೆದಳು. ಫೈಲ್ ಕಳಿಸುವಷ್ಟರಲ್ಲಿ ಲತಾ ಬಂದು ಬಗ್ಗಿ ನೋಡಿದಳು.

"ಮುಗೀತಾ? ಇದ್ದಕ್ಕಿದ್ದ ಹಾಗೆ ಏನಾಯ್ತೇ?"

"ಏನಿಲ್ಲ," ಎಂದಳು ಕುಸುಮಾ, ಬ್ಯಾಗಿಗೆ ಕೈ ಹಾಕುತ್ತಾ.

ಇವತ್ತು ಅತ್ತಿಗುಪ್ಪೆಯಲ್ಲಿ ಇಳಿಯುವುದಿಲ್ಲ ಎಂದು ಅವಳು ಆಗಲೇ ನಿರ್ಧರಿಸಿಯಾಗಿತ್ತು. ವಿಜಯನಗರದಿಂದ ಆರ್‌ಪಿಸಿ ಲೇಔಟ್‌ನ ತನ್ನ ಮನೆಗೆ ನಡೆದೇ ಬರಬಹುದು.